ಎತ್ತರಿಸುವುದೋ, ಮಾರುವುದೋ: ಒಂದು ಕಾರು, ಒಂದು ಕಾವ್ಯ

ಕಳೆದ ದೀಪಾವಳಿಗೆ ನಮ್ಮಣ್ಣ ಹೈದರಾಬಾದಿನಿಂದ ಕವಿತಾಳಕ್ಕೆ ತನ್ನ ಕಾರು ತಂದ. ಎರಡೇ ಬಾಗಿಲು, ಎರಡೇ ಸೀಟು, ಕೆಂಪು ಬಣ್ಣ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು. ಹತ್ತು ವರ್ಷ ನೌಕರಿ ಮಾಡಿ ಮನೆಗೆ ಪತ್ರಾಸು ಹಾಕಿಸಿದ, ಬೋರು ಕೊರೆಸಿದ, ನನ್ನ ಓದಿಗೆ ಹಣ ಕಳಿಸಿದ. ತನಗಾಗಿ ಅಂತ ಅವನು ಕೊಂಡದ್ದು ಇದೊಂದೇ. ಊರ ಹುಡುಗರೆಲ್ಲ ಅದರ ಸುತ್ತ ನಿಂತು ಫೋಟೋ ತೆಗೆಸಿಕೊಂಡರು. ಆದರೆ ಹೆದ್ದಾರಿಯಿಂದ ನಮ್ಮ ಓಣಿಗೆ ಹೊರಳುವ ಜಾಗದಲ್ಲಿರುವ ರೋಡ್ ಹಂಪು ದಾಟುವಾಗ ಕಾರಿನ ಹೊಟ್ಟೆ ಕರ್ರೆಂದು ನೆಲಕ್ಕೆ ಉಜ್ಜಿದ ಸದ್ದು ನಮ್ಮ ಮನೆಯ ಪಡಸಾಲೆಗೂ ಕೇಳಿಸಿತು.

ಅಂದು ರಾತ್ರಿ ಅಣ್ಣ ನನ್ನನ್ನು ಕೇಳಿದ: 'ಏನ್ ಮಾಡ್ಲಿ ಹೇಳು ತಂಗಿ. ಎತ್ತರ ಮಾಡಿಸ್ಲೇನು, ಮಾರಿ ಬ್ಯಾರೇದು ತಗೊಳ್ಲೇನು?'

ಕಾರಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ. ನಾನು ಪಿಎಚ್.ಡಿ. ಮಾಡುತ್ತಿರುವುದು ಹಳಗನ್ನಡ ಕಾವ್ಯಗಳಲ್ಲಿ ಮೂಲಕಥೆಯ ಮಾರ್ಪಾಡು ಎಂಬ ವಿಷಯದ ಮೇಲೆ. ಆದರೂ ಅಣ್ಣನ ಪ್ರಶ್ನೆ ಕೇಳಿದಾಗ ನಾಲ್ಕು ವರ್ಷದಿಂದ ನಾನು ಪುಟಗಟ್ಟಲೆ ಬರೆಯುತ್ತಿರುವುದೂ ಇದೇ ಪ್ರಶ್ನೆಯನ್ನಲ್ಲವೇ ಅನಿಸಿತು. ಕೈಗೆ ಬಂದ ವಸ್ತುವನ್ನು ನಮ್ಮ ದಾರಿಗೆ ಒಗ್ಗಿಸಿಕೊಳ್ಳಬೇಕೋ, ಬಿಟ್ಟು ಹೊಸದನ್ನು ಕಟ್ಟಬೇಕೋ? ನನ್ನ ಪ್ರಬಂಧದಲ್ಲಿ ಇದಕ್ಕೆ ಸಲೀಸಾದ ಉತ್ತರವೊಂದಿತ್ತು: ಮಾರ್ಪಾಡೇ ಸೃಷ್ಟಿ. ಆ ಉತ್ತರ ಅಣ್ಣನ ಕಾರಿನ ಮುಂದೆ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಎಂದು ಯೋಚಿಸುವುದಕ್ಕಾಗಿ ಈ ಬರಹ.

ಮೊದಲು ಕಾರಿನ ಮಾತು. ಸ್ಪೋರ್ಟ್ಸ್ ಕಾರನ್ನು ಸುಮ್ಮನೆ ತಗ್ಗಾಗಿ ಮಾಡಿರುವುದಿಲ್ಲ. ಭಾರ ನೆಲಕ್ಕೆ ಹತ್ತಿರವಿದ್ದಷ್ಟೂ ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆ. ಅಡಿಯಲ್ಲಿ ಗಾಳಿ ನುಗ್ಗುವುದೂ ಕಡಿಮೆ. ಆ ತಗ್ಗೇ ಅದರ ಗುಣ, ನಮ್ಮೂರಲ್ಲಿ ಅದೇ ಅದರ ದೋಷ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂದರೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ನಮ್ಮ ಓಣಿಯದು ಯಾವ ಸೂಚಿಯನ್ನೂ ನೋಡಿ ಹಾಕಿದ್ದಲ್ಲ. ಟ್ರ್ಯಾಕ್ಟರುಗಳ ಹಾವಳಿಗೆ ಬೇಸತ್ತ ಮಂದಿ ತಾವೇ ಎಬ್ಬಿಸಿದ ಗೋಡೆ ಅದು. ಅದನ್ನು ದಾಟಿದ ಮೇಲೆ ಎರೆಮಣ್ಣಿನ ದಾರಿ. ಮಳೆ ಬಂದರೆ ಗಾಲಿಗೆ ಮೆತ್ತಿಕೊಳ್ಳುತ್ತದೆ, ಬಿಸಿಲಿಗೆ ಕಲ್ಲಿನಂತಹ ಏಣುಗಳಾಗಿ ಒಣಗುತ್ತದೆ.

ರಾಯಚೂರಿನ ಮೆಕ್ಯಾನಿಕ್ ಒಬ್ಬ ಅಣ್ಣನಿಗೆ ಧೈರ್ಯ ಹೇಳಿದ್ದ: ಸ್ಪ್ರಿಂಗಿಗೆ ಸ್ಪೇಸರ್ ಕೊಟ್ಟು, ಸ್ವಲ್ಪ ದೊಡ್ಡ ಟೈರು ಹಾಕಿದರೆ ಎರಡು ಇಂಚು ಏಳುತ್ತದೆ. ಕೇಳಲು ಸರಳ. ಆದರೆ ಎರಡಿಂಚು ಎತ್ತಿದರೆ ಎತ್ತರವೊಂದೇ ಬದಲಾಗುವುದಿಲ್ಲ. ಭಾರದ ಕೇಂದ್ರ ಮೇಲೇರುತ್ತದೆ, ತಿರುವಿನಲ್ಲಿ ಮೊದಲಿನ ನಂಬಿಕೆ ಉಳಿಯುವುದಿಲ್ಲ. ಎಂಜಿನ್ನಿನ ಶಕ್ತಿಯನ್ನು ಗಾಲಿಗೆ ಒಯ್ಯುವ ದಂಡದ ಕೋನ ತಪ್ಪಿ ಅದರ ಕೀಲು ಬೇಗ ಸವೆಯುತ್ತದೆ. ಹೆಡ್‌ಲೈಟು ಎದುರು ಬರುವವನ ಕಣ್ಣಿಗೆ ಬಡಿಯುತ್ತದೆ. ಟೈರಿನ ಸುತ್ತಳತೆ ಹೆಚ್ಚಿದ್ದರಿಂದ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಓಡಿಸುವವನಿಗೆ ತಾನು ಎಷ್ಟು ಜೋರಾಗಿ ಹೋಗುತ್ತಿದ್ದೇನೆ ಎಂಬುದೇ ಸರಿಯಾಗಿ ಗೊತ್ತಾಗುವುದಿಲ್ಲ. ಒಂದು ಕಡೆ ಎಳೆದ ದಾರ ಇನ್ನೆಲ್ಲೋ ನೆರಿಗೆ ಹಿಡಿಯುತ್ತದೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮಾರ್ಪಾಡಿನ ಬಗ್ಗೆ ಹೇಳುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಹೇಳಿತು. ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಈ ತೀರ್ಪು ವಿಚಿತ್ರವಾಗಿ ಕಂಡಿತು. ಕಾವ್ಯಕ್ಕೂ ಇಂಥದೊಂದು ಕಲಮು ಇದ್ದಿದ್ದರೆ ಪಂಪನಿಗೆ ಲೈಸೆನ್ಸೇ ಸಿಗುತ್ತಿರಲಿಲ್ಲ!

ಪಂಪ ಕ್ರಿ.ಶ. 941ರ ಸುಮಾರಿಗೆ 'ವಿಕ್ರಮಾರ್ಜುನ ವಿಜಯ' ಬರೆದಾಗ ಅವನ ಮುಂದಿದ್ದದ್ದು ವ್ಯಾಸರ ಮಹಾಭಾರತ. ಅವನ ರಸ್ತೆ ಬೇರೆಯದು: ವೇಮುಲವಾಡದ ಚಾಲುಕ್ಯರ ಅರಿಕೇಸರಿಯ ಆಸ್ಥಾನ. ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಬೇಕು, ಅರ್ಜುನನೇ ನಾಯಕನಾಗಬೇಕು. ಅದಕ್ಕಾಗಿ ಪಂಪ ಕಥೆಯ ಮುಖ್ಯ ಕೀಲೊಂದನ್ನು ಬಿಚ್ಚಿದ. ದ್ರೌಪದಿಯನ್ನು ಐವರ ಹೆಂಡತಿಯಾಗಿ ಉಳಿಸದೆ ಅರ್ಜುನನೊಬ್ಬನ ಹೆಂಡತಿಯಾಗಿಸಿದ. ಆಶ್ರಯದಾತನಿಗೆ ಸಲ್ಲುವ ನಾಯಕ ಸಿದ್ಧನಾದ.

ಆದರೆ ನೆರಿಗೆ ಬೇರೆ ಕಡೆ ಬಿತ್ತು. ದುಶ್ಶಾಸನನ ರಕ್ತದಲ್ಲಿ ದ್ರೌಪದಿಯ ಮುಡಿ ಕಟ್ಟುವವನು ಪಂಪನಲ್ಲೂ ಭೀಮನೇ. ಐವರ ಹೆಂಡತಿಯಾಗಿದ್ದಾಗ ಅದು ಗಂಡನೊಬ್ಬನ ಸೇಡು. ಅರ್ಜುನನೊಬ್ಬನ ಹೆಂಡತಿಯಾದ ಮೇಲೆ ಭೀಮ ಯಾವ ಸಂಬಂಧದಿಂದ ಅವಳ ಮುಡಿಗೆ ಕೈ ಹಾಕುತ್ತಾನೆ? ಗಂಡನಾದ ಅರ್ಜುನ ಆಗ ಎಲ್ಲಿ ನಿಂತಿದ್ದಾನೆ? ಪಂಪ ಎಂಜಿನ್ ಬದಲಿಸಿದ, ಹಳೆಯ ದಂಡವನ್ನು ಹಾಗೇ ಬಿಟ್ಟ. ಕೊನೆಯಲ್ಲಿ ಪಟ್ಟಾಭಿಷೇಕ ಬರುತ್ತದೆ. ಸಿಂಹಾಸನದಲ್ಲಿ ಅರ್ಜುನ, ಪಟ್ಟದ ರಾಣಿಯಾಗಿ ಪಕ್ಕದಲ್ಲಿ ಸುಭದ್ರೆ. ಇಡೀ ಯುದ್ಧ ಯಾರ ಅವಮಾನದ ಸುತ್ತ ತಿರುಗಿತೋ ಅವಳಿಗೆ ಅಲ್ಲಿ ಜಾಗವಿಲ್ಲ. ಈ ತೊಡಕನ್ನು ನಮ್ಮ ವಿಮರ್ಶಕರು ಹಿಂದೆಯೇ ಗುರುತಿಸಿದ್ದಾರೆ. ನಾನು ಮಾತ್ರ ನನ್ನ ಪ್ರಬಂಧದಲ್ಲಿ ಅದಕ್ಕೆ ಒಂದು ಅಡಿಟಿಪ್ಪಣಿ ಕೊಟ್ಟು, ಪಂಪನ ಧೈರ್ಯವನ್ನು ಹೊಗಳಿ ಮುಂದೆ ಹೋಗಿದ್ದೆ.

ರನ್ನನ ದಾರಿ ಬೇರೆ. ಅವನಿಗೂ ಒಬ್ಬ ದೊರೆ ಇದ್ದ, ಸತ್ಯಾಶ್ರಯ. ಅವನಿಗೂ ಒಬ್ಬ ನಾಯಕ ಬೇಕಿತ್ತು, ಭೀಮ. ಆದರೆ ರನ್ನ ಇಡೀ ಭಾರತವನ್ನು ತಿದ್ದಲು ಹೋಗಲಿಲ್ಲ. ಯುದ್ಧದ ಕೊನೆಯ ಭಾಗವನ್ನು ಆರಿಸಿಕೊಂಡು, ಹಿಂದಿನದೆಲ್ಲವೂ ನೆನಪಾಗಿ ಬರುವ ಹಾಗೆ ಹೊಸ ಚೌಕಟ್ಟನ್ನೇ ಕಟ್ಟಿದ. ಮೊದಲಿನಿಂದ ಆ ಕೆಲಸಕ್ಕೆಂದೇ ಕಟ್ಟಿದ ಕಾವ್ಯವಾದ್ದರಿಂದ ಭೀಮ ಅಲ್ಲಿ ನಾಯಕನಾಗುವುದಕ್ಕೆ ಯಾರನ್ನೂ ಪಕ್ಕಕ್ಕೆ ತಳ್ಳಬೇಕಾಗಲಿಲ್ಲ. ಅವನ ಸೇಡಿನ ಸಿಟ್ಟೇ ಕಾವ್ಯವನ್ನು ಎಳೆಯುತ್ತದೆ. ಪಂಪನಿಗಿಂತ ರನ್ನ ದೊಡ್ಡ ಕವಿ ಎಂದು ನಾನು ಹೇಳುತ್ತಿಲ್ಲ. ಪಂಪನದು ಮಾರ್ಪಾಡು, ರನ್ನನದು ಬದಲಿ; ಇಬ್ಬರೂ ತೆತ್ತ ಬೆಲೆ ಬೇರೆಬೇರೆ ಎನ್ನುತ್ತಿದ್ದೇನೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಕಾವ್ಯಕ್ಕೂ ಕಾರಿಗೂ ಎಲ್ಲಿಂದೆಲ್ಲಿಯ ಹೋಲಿಕೆ? ಪಂಪ ಬರೆದದ್ದರಿಂದ ವ್ಯಾಸರ ಒಂದು ಶ್ಲೋಕವೂ ಅಳಿಯಲಿಲ್ಲ. ಆಕ್ಷೇಪಣೆ ಸರಿಯಾದದ್ದೇ. ನಮ್ಮ ಸೀಮೆಯದೇ ಉದಾಹರಣೆ ಬೇಕೆಂದರೆ ಅಮರೇಶ ನುಗಡೋಣಿಯವರ 'ಸವಾರಿ' ಕತೆ ಇದೆ. ಗಿರೀಶ ಕಾಸರವಳ್ಳಿ ಅದನ್ನು 2010ರಲ್ಲಿ 'ಕನಸೆಂಬೋ ಕುದುರೆಯನೇರಿ' ಎಂಬ ಸಿನಿಮಾ ಮಾಡಿದರು. ವೈಜನಾಥ ಬಿರಾದಾರ ಅದರಲ್ಲಿ ಕುಣಿ ತೋಡುವ ಈರ್ಯನಾಗಿದ್ದಾರೆ. ಅವನಿಗೆ ಕನಸಿನಲ್ಲಿ ಸಿದ್ಧ ಕಾಣಿಸಿಕೊಂಡರೆ ಊರಲ್ಲಿ ಸಾವು ಖಚಿತ ಎಂಬ ನಂಬಿಕೆ. ಕಾಸರವಳ್ಳಿ ಒಂದೇ ಘಟನಾವಳಿಯನ್ನು ಎರಡು ಸಲ, ಎರಡು ಕಡೆಯಿಂದ ಹೇಳುತ್ತಾರೆ. ಕುಣಿ ತೋಡುವವನ ಕನಸು ಸುಳ್ಳಾಯಿತೆಂದು ಮೊದಲ ಸಲ ಅನಿಸಿದ್ದು, ದೊಡ್ಡ ಮನೆಯ ಬಾಗಿಲ ಹಿಂದೆ ಏನಾಯಿತೆಂದು ಎರಡನೇ ಸಲ ತಿಳಿದಾಗ ತಿರುಗಿ ಬೀಳುತ್ತದೆ. ಸಿನಿಮಾ ಬಂದ ಮೇಲೂ ಕತೆ ಕತೆಯಾಗಿಯೇ ಇದೆ; ಬೇಕಾದವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಕಾರಿಗೆ ಆ ಭಾಗ್ಯವಿಲ್ಲ. ಇರುವುದು ಒಂದೇ ಚಾಸಿ. ಒಮ್ಮೆ ಕೊಯ್ದು ಬೆಸುಗೆ ಹಾಕಿದರೆ ಮೂಲ ಎಂಬುದು ಎಲ್ಲಿಯೂ ಉಳಿಯುವುದಿಲ್ಲ.

ಆದರೆ ಈ ವ್ಯತ್ಯಾಸವೇ ನನ್ನನ್ನು ಎಚ್ಚರಿಸಿತು. ಕಾವ್ಯದಲ್ಲಿ ಮೂಲ ಉಳಿಯುತ್ತದೆ ಎಂಬ ಸಮಾಧಾನದಿಂದಲೇ ನಾವು ಮಾರ್ಪಾಡಿನ ಲೆಕ್ಕ ಕೇಳುವುದನ್ನು ಬಿಟ್ಟಿದ್ದೇವೆ. ವ್ಯಾಸರ ಪುಸ್ತಕ ಕಪಾಟಿನಲ್ಲಿ ಸುರಕ್ಷಿತವಾಗಿರಬಹುದು. ಪಂಪನ ಕಾವ್ಯದೊಳಗಿನ ದ್ರೌಪದಿಗೆ ಅದರಿಂದ ಏನು ಲಾಭ?

ಕಾರಿನ ಚರಿತ್ರೆಯಲ್ಲೂ ಇಂಥ ಪ್ರಸಂಗ ಕರ್ನಾಟಕದಲ್ಲೇ ನಡೆದಿದೆ. ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 1980ರ ದಶಕದಲ್ಲಿ 'ಡಾಲ್ಫಿನ್' ಎಂಬ ಪುಟ್ಟ ಕಾರು ತಯಾರಿಸಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಅದರ ಮೂಲ. 848 ಸಿಸಿ ಎಂಜಿನ್, ಫೈಬರ್ ಗ್ಲಾಸಿನ ಮೈ, ಎರಡು ಬಾಗಿಲು. ಹಗುರವಾಗಿದ್ದದ್ದರಿಂದ ರ‍್ಯಾಲಿ ಮತ್ತು ರೇಸಿನವರು ಅದನ್ನು ಮೆಚ್ಚಿದರು. ಆದರೆ 1983ರ ಕೊನೆಯಲ್ಲಿ ನಾಲ್ಕು ಬಾಗಿಲಿನ ಮಾರುತಿ 800 ಬಂತು. ಸಂಸಾರಸ್ಥರಿಗೆ ಬೇಕಾಗಿದ್ದದ್ದು ಅದು. ಡಾಲ್ಫಿನ್‌ಗೂ ಆಮೇಲೆ ಬಾಗಿಲು ಹೆಚ್ಚಿಸಿ 'ಮೊಂಟಾನಾ' ಎಂಬ ಹೆಸರಿನಲ್ಲಿ ತಂದರು. ಮಾರುತಿಯ ಓಟವನ್ನು ಅದು ತಡೆಯಲಿಲ್ಲ. ಇಂದಿಗೂ ಹಳೆಯ ಕಾರಿನ ಪ್ರೇಮಿಗಳು ಹೆಚ್ಚಾಗಿ ನೆನೆಯುವುದು ಎರಡು ಬಾಗಿಲಿನ ಡಾಲ್ಫಿನ್ನನ್ನೇ.

ಹಾಗಾದರೆ ಮಾರ್ಪಾಡು ಯಾವತ್ತೂ ಸೋಲುತ್ತದೆಯೇ? ಇಲ್ಲ. ನಮ್ಮ ಮನೆಯ ಹಿಂದೆಯೇ ಗೆದ್ದದ್ದೊಂದು ನಿಂತಿದೆ, ಅಪ್ಪನ ಟೈರಿನ ಬಂಡಿ. ನಮ್ಮಜ್ಜನ ಕಾಲದಲ್ಲಿ ಅದು ಕಟ್ಟಿಗೆ ಗಾಲಿಯ ಬಂಡಿ. ಬಡಿಗೇರ ಗಾಲಿ ಕಟ್ಟುತ್ತಿದ್ದ, ಕಮ್ಮಾರ ಕಬ್ಬಿಣದ ಪಟ್ಟಿ ಕಾಯಿಸಿ ತೊಡಿಸುತ್ತಿದ್ದ. ಅಪ್ಪ ಗಾಲಿ ತೆಗೆಸಿ ಟೈರು ಹಾಕಿಸಿದ. ಎತ್ತಿನ ಹೆಗಲಿಗೆ ಭಾರ ಇಳಿಯಿತು, ಹತ್ತಿಯ ಅಂಡಿಗೆ ಹೆಚ್ಚು ಹಿಡಿಸಿತು. ಬಂಡಿ ಮೊದಲು ಮಾಡುತ್ತಿದ್ದ ಕೆಲಸವನ್ನೇ ಇನ್ನೂ ಚೆನ್ನಾಗಿ ಮಾಡಿತು. ಯಾರೂ ಅದನ್ನು ಬೇರೆ ಹೆಸರಿನಿಂದ ಕರೆಯಲಿಲ್ಲ. ಆದರೆ ಇಲ್ಲಿಯೂ ಲೆಕ್ಕ ಪೂರ್ತಿ ಹೇಳಬೇಕು: ಬಡಿಗೇರ ಮನೆಯವರಿಗೆ ಸುಗ್ಗಿಯಲ್ಲಿ ಸಲ್ಲುತ್ತಿದ್ದ ಜೋಳದ ಆಯ ನಿಂತಿತು. ಆ ಮನೆಯ ಹುಡುಗರು ಈಗ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದಾರೆ. ಗೆದ್ದ ಮಾರ್ಪಾಡಿಗೂ ಬೆಲೆ ತೆತ್ತವರಿದ್ದಾರೆ.

ಹೀಗೆ ಯೋಚಿಸುತ್ತಾ ನಾನು ಅಣ್ಣನಿಗೆ ಮೂರು ಪ್ರಶ್ನೆ ಬರೆದುಕೊಟ್ಟೆ. ಬದಲಿಸಿದ ಮೇಲೆ ಇದು ತನ್ನ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೋ, ಇನ್ನೊಂದರ ಕೆಲಸವನ್ನು ಅರೆಬರೆ ಮಾಡುತ್ತದೋ? ಬೇಡವೆನಿಸಿದರೆ ಹಿಂದಿರುಗಬಹುದೋ? ಬೆಲೆ ಯಾರು ತೆರುತ್ತಾರೆ? ಅಣ್ಣ ಓದಿ ನಕ್ಕ. 'ಪರೀಕ್ಷಾದಾಗ ಕೇಳೂ ಹಂಗ ಅದಾವಲ್ಲ' ಅಂದ.

ನಾಲ್ಕನೆಯ ಪ್ರಶ್ನೆ ಕೇಳಿದ್ದು ಅವ್ವ. ಮಳೆಗಾಲದಲ್ಲಿ ಅಪ್ಪನಿಗೆ ಲಕ್ವ ಹೊಡೆದಿತ್ತು. ಬಲಗಾಲು, ಬಲಗೈ ಸ್ವಾಧೀನದಲ್ಲಿಲ್ಲ. ವಾರಕ್ಕೆರಡು ಸಲ ರಾಯಚೂರಿಗೆ ಕರೆದೊಯ್ಯಬೇಕು. ಅಣ್ಣ ನೌಕರಿ ಬಿಟ್ಟು ಊರಿಗೆ ಬರುವ ವಿಚಾರದಲ್ಲಿದ್ದದ್ದೂ ಅದಕ್ಕೇ. ನಾವಿಬ್ಬರೂ ಎರಡಿಂಚಿನ ಮಾತಾಡುತ್ತಿದ್ದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: 'ಎತ್ತರ ಮಾಡಸ್ತೀರಿ, ಆತು. ಎರಡ ಸೀಟು. ನೀ ಓಡಸ್ತಿ. ನಿಮ್ಮಪ್ಪ ಕುಂತ್ರ ಅವರನ್ನ ಹಿಡಕೊಂಡು ನಾ ಎಲ್ಲಿ ಕುಂದರ್ಲಿ?'

ನಾವು ಕೇಳಿಕೊಂಡದ್ದೆಲ್ಲ ರಸ್ತೆಯ ಬಗ್ಗೆ. ಕೂರುವವರು ಯಾರು ಎಂದು ಕೇಳಿರಲೇ ಇಲ್ಲ. ಪಂಪನ ಪಟ್ಟಾಭಿಷೇಕ ನನಗೆ ನಿಜವಾಗಿ ಅರ್ಥವಾದದ್ದು ಆ ಹೊತ್ತಿನಲ್ಲಿ. ಕಾವ್ಯವನ್ನು ಆಸ್ಥಾನದ ದಾರಿಗೆ ಎತ್ತರಿಸುವ ಕೆಲಸದಲ್ಲಿ ಅವನು ಮುಳುಗಿದ್ದ. ಅದರಲ್ಲಿ ಎರಡೇ ಸೀಟುಗಳಿದ್ದವು.

ಸಂಕ್ರಾಂತಿಯ ಹೊತ್ತಿಗೆ ಅಣ್ಣ ಕಾರು ಮಾರಿದ. ಹೈದರಾಬಾದಿನ ಹೊರವರ್ತುಲ ರಸ್ತೆಯ ಹತ್ತಿರ ಇರುವವರೊಬ್ಬರು ಕೊಂಡರು. ಅದಕ್ಕೆ ತಕ್ಕ ರಸ್ತೆ ಅಲ್ಲಿದೆ. ಸ್ಪೇಸರ್ ಹಾಕಿಸದೆ, ಏನೂ ಕೊಯ್ಯದೆ, ಬಂದ ಹಾಗೆಯೇ ಕೊಟ್ಟ. ಬಂದ ಹಣಕ್ಕೆ ಮೂರು ಸಾಲು ಸೀಟಿನ ಹಳೆಯ ಬೊಲೆರೊ ಬಂತು. ಕೊಡುವ ಹಿಂದಿನ ದಿನ ಬೆಳಗಿನ ಜಾವ ನನ್ನನ್ನು ಕೂರಿಸಿಕೊಂಡು ಸಿರವಾರದ ತನಕ ಹೋಗಿಬಂದ. ಅರ್ಧ ದಾರಿಯವರೆಗೆ ಇಬ್ಬರೂ ಮಾತಾಡಲಿಲ್ಲ. ತಿರುವೊಂದರಲ್ಲಿ ಕಾರು ನೆಲಕ್ಕೆ ಅಂಟಿಕೊಂಡಂತೆ ಹೊರಳಿದಾಗ 'ನೋಡಿದಿ?' ಅಂದ. ನೋಡಿದೆ. ಇಂಥದೊಂದು ಗುಣವನ್ನು ಎರಡಿಂಚಿಗಾಗಿ ಕಳೆಯಬಾರದಿತ್ತು ಎಂಬುದು ನಿಜ. ಮಾರಿದ್ದರಿಂದ ಅಣ್ಣನಿಗೆ ನಷ್ಟವಾಗಲಿಲ್ಲ ಎಂದು ಮಾತ್ರ ನಾನು ಹೇಳಲಾರೆ. ಈ ಸಲದ ಬೆಲೆ ಅವನು ತೆತ್ತ.

ನಾನು ಹಂಪಿಗೆ ಮರಳಿ ಪ್ರಬಂಧದ ಮೂರನೆಯ ಅಧ್ಯಾಯ ತೆರೆದೆ. 'ಮಾರ್ಪಾಡೇ ಸೃಷ್ಟಿ' ಎಂಬ ವಾಕ್ಯವನ್ನು ಹೊಡೆದುಹಾಕಲಿಲ್ಲ. ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟೆ. ದ್ರೌಪದಿಯನ್ನು ಅಡಿಟಿಪ್ಪಣಿಯಿಂದ ಮೇಲಕ್ಕೆ ತಂದಿದ್ದೇನೆ. ಆ ಅಧ್ಯಾಯ ಈಗ ಸುಭದ್ರೆಯ ಪಟ್ಟಾಭಿಷೇಕದಿಂದ ಶುರುವಾಗುತ್ತದೆ.