ಕಿರುತೆರೆಯ ಆಸ್ಪತ್ರೆ ಮತ್ತು ನಂಬಿಕೆಯ ಪ್ರಶ್ನೆ

ಇಂದಿನ ಧಾರಾವಾಹಿಗಳಲ್ಲಿ ಆಸ್ಪತ್ರೆಯ ದೃಶ್ಯವಿಲ್ಲದ ಕಥೆ ಅಪರೂಪವೆಂದೇ ಹೇಳಬೇಕು. ಶಸ್ತ್ರಚಿಕಿತ್ಸೆಯ ಕೊಠಡಿಯ ಮೇಲೆ ಕೆಂಪು ದೀಪ ಉರಿಯುತ್ತದೆ. ಬಾಗಿಲಲ್ಲಿ ಬಂಧುಗಳು ಕಣ್ಣೀರಿಡುತ್ತಾರೆ. ವೈದ್ಯರು ಹೊರಬಂದು "24 ಗಂಟೆ ಕಳೆಯದೆ ಏನೂ ಹೇಳಲಾಗದು" ಎನ್ನುತ್ತಾರೆ. ಇಷ್ಟಾದರೂ ಪ್ರೇಕ್ಷಕನ ಮನಸ್ಸು ಕಲಕುವುದಿಲ್ಲ. ಏಕೆಂದರೆ ಅಲ್ಲಿ ರೋಗಿ ಇದ್ದಾನೆ, ರೋಗವಿಲ್ಲ. ವೈದ್ಯನಿದ್ದಾನೆ, ವೈದ್ಯನ ಸಂದಿಗ್ಧವಿಲ್ಲ. ವೈದ್ಯಕೀಯ ಕಥಾನಕವೊಂದು ಮನಮುಟ್ಟಲು ಮತ್ತು ನಂಬಿಕೆಗೆ ಅರ್ಹವಾಗಲು ಏನು ಬೇಕೆಂಬುದನ್ನು ಇಲ್ಲಿ ಕೊಂಚ ವಿಚಾರ ಮಾಡೋಣ.

ಮೊದಲನೆಯದು ವೃತ್ತಿಯ ಒಳಗಿನ ಅರಿವು. 1994ರಿಂದ 2009ರವರೆಗೆ ಅಮೆರಿಕದಲ್ಲಿ ಪ್ರಸಾರವಾದ 'ಇ.ಆರ್.' ಧಾರಾವಾಹಿಯನ್ನು ರೂಪಿಸಿದ ಮೈಕೆಲ್ ಕ್ರೈಟನ್ ವೈದ್ಯಕೀಯ ವ್ಯಾಸಂಗ ಮಾಡಿದವರು. ಅಲ್ಲಿನ ವೈದ್ಯರು ತಮ್ಮ ಪರಿಭಾಷೆಯಲ್ಲೇ ಅವಸರದಿಂದ ಮಾತನಾಡುತ್ತಾರೆ. ಪ್ರತಿಯೊಂದು ಪದವೂ ನಮಗೆ ತಿಳಿಯದಿದ್ದರೂ ಸಂದರ್ಭದ ತುರ್ತು ತಿಳಿಯುತ್ತದೆ. ಕನ್ನಡದಲ್ಲಿ ಇದಕ್ಕೆ ಸಮೀಪದ ನಿದರ್ಶನ ಆಸ್ಪತ್ರೆಯದಲ್ಲ, ನ್ಯಾಯಾಲಯದ್ದು. ಟಿ. ಎನ್. ಸೀತಾರಾಂ ಅವರ 'ಮುಕ್ತ' ಧಾರಾವಾಹಿಯ ಪಾಟೀಸವಾಲನ್ನು ಹಳ್ಳಿಯ ಗೃಹಿಣಿಯರೂ ಆಸಕ್ತಿಯಿಂದ ನೋಡಿದರು. ಕಾನೂನು ಬಲ್ಲವರೇ ಬರೆದದ್ದರಿಂದ ಅಲ್ಲಿ ಒಂದು ಪ್ರಶ್ನೆಯೇ ಕಥೆಯ ದಿಕ್ಕನ್ನು ಬದಲಿಸುತ್ತಿತ್ತು. ಆಸ್ಪತ್ರೆಯ ಕಥೆಗೂ ಇದೇ ನ್ಯಾಯ ಸಲ್ಲಬೇಕು: ತೀರ್ಮಾನವೇ ಘಟನೆಯಾಗಬೇಕು.

ಎರಡನೆಯದು ವಸ್ತುನಿಷ್ಠೆ. ಯಂತ್ರದ ಗೆರೆ ಸಪಾಟಾದೊಡನೆ ಎದೆಗೆ ವಿದ್ಯುದಾಘಾತ ಕೊಡುವುದು ಪರದೆಯ ಮೇಲಿನ ವಾಡಿಕೆ. ವಾಸ್ತವದಲ್ಲಿ ಆ ಆಘಾತವು ಲಯ ತಪ್ಪಿ ಅದುರುತ್ತಿರುವ ಹೃದಯವನ್ನು ಹದಕ್ಕೆ ತರುವ ಉಪಾಯವೇ ಹೊರತು, ಪೂರ್ಣವಾಗಿ ಸ್ತಬ್ಧವಾದುದನ್ನು ನಡೆಸುವ ಕೀಲಿಕೈಯಲ್ಲ. ಅಂಥ ಸಮಯದಲ್ಲಿ ನಿಮಿಷಕ್ಕೆ 100ರಿಂದ 120 ಬಾರಿ ಎದೆಯನ್ನು ಒತ್ತುತ್ತಿರುವುದೇ ಮುಖ್ಯ ಉಪಚಾರ. 1996ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ ಮೂರು ಟಿ.ವಿ. ಕಾರ್ಯಕ್ರಮಗಳ ಇಂಥ 60 ಪ್ರಸಂಗಗಳನ್ನು ಪರಿಶೀಲಿಸಿತು. ಪರದೆಯ ಮೇಲೆ ಶೇಕಡಾ 75 ಮಂದಿ ಆ ಕ್ಷಣಕ್ಕೆ ಬದುಕುಳಿದಿದ್ದರು. ನಿಜಜೀವನದಲ್ಲಿ ಬದುಕಿ ಮನೆ ಸೇರುವವರ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ.

"ಕಥೆಯಲ್ಲಿ ಇಷ್ಟು ಲೆಕ್ಕವೇಕೆ, ಜನರಿಗೆ ಭರವಸೆ ಬೇಡವೇ?" ಎಂದು ಕೆಲವರು ಕೇಳಬಹುದು. ಭರವಸೆ ಅವಶ್ಯವಾಗಿ ಬೇಕು. ಆದರೆ ಎಂಬತ್ತು ದಾಟಿದ ತಂದೆಯನ್ನು ಕೃತಕ ಉಸಿರಾಟದ ಯಂತ್ರಕ್ಕೆ ಒಪ್ಪಿಸಬೇಕೇ ಬೇಡವೇ ಎಂದು ಮಕ್ಕಳು ನಿರ್ಧರಿಸುವ ಹೊತ್ತಿನಲ್ಲಿ, ಅವರ ಮನಸ್ಸಿನಲ್ಲಿರುವ ಚಿತ್ರ ಯಾವುದು? ಬಹುಪಾಲು ಪರದೆಯಿಂದಲೇ ಬಂದದ್ದು. ಎಲ್ಲರೂ ಬದುಕುವುದನ್ನೇ ಕಂಡವನಿಗೆ ತನ್ನವರ ಮರಣವು ವೈದ್ಯನ ಅಪರಾಧವೆಂದು ತೋರಿದರೆ ಆಶ್ಚರ್ಯವಿಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕವು 2009ರಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಈ ಹೊಣೆಯನ್ನೆಲ್ಲ ಧಾರಾವಾಹಿಗಳ ತಲೆಗೆ ಕಟ್ಟುವುದು ಅನ್ಯಾಯ. ಆದರೂ ಸುಳ್ಳು ಭರವಸೆಯೂ ಒಂದು ಬಗೆಯ ಹಿಂಸೆಯೇ ಎಂಬುದನ್ನು ಕಥೆಗಾರರು ಮರೆಯಬಾರದು.

ಮೂರನೆಯದು, ಲೆಕ್ಕಪುಸ್ತಕ ನೋಡಿ ಬಾಳಿದವನ ಕಣ್ಣಿಗೆ ಬೀಳುವ ಕೊರತೆ. ಧಾರಾವಾಹಿಯ ಆಸ್ಪತ್ರೆಯಲ್ಲಿ ಹಣ ಕಟ್ಟುವ ಕೌಂಟರೇ ಇರುವುದಿಲ್ಲ! ನಮ್ಮ ಜಿಲ್ಲೆಯ ಕುಟುಂಬದ ಅನುಭವ ಬೇರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಸರದಿಯಲ್ಲಿ ನಿಂತು, "ಬೆಂಗಳೂರಿಗೆ ಕರೆದುಕೊಂಡು ಹೋಗಿ" ಎಂಬ ಮಾತು ಕೇಳಿದ ಮೇಲೆ ನಿಜವಾದ ನಾಟಕ ಆರಂಭವಾಗುತ್ತದೆ. ಜಯದೇವವೋ, ಕಿದ್ವಾಯಿಯೋ, ವಿಕ್ಟೋರಿಯಾವೋ? ಮುಂಗಡ ಕಟ್ಟಲು ಒಡವೆ ಅಡವಿಡುವುದೇ? ಮಗ್ಗ ನಿಲ್ಲಿಸಿ ರೋಗಿಯ ಬಳಿ ಕೂರುವವರಾರು? ಈ ಪ್ರಶ್ನೆಗಳಲ್ಲಿರುವ ಕುತೂಹಲ ನೂರು ಹಿನ್ನೆಲೆ ಸಂಗೀತಗಳಲ್ಲಿಲ್ಲ.

ನಾಲ್ಕನೆಯದು ಚಿಕಿತ್ಸೆಯ ನಂತರದ ಬದುಕು. ಇದನ್ನು ಕನ್ನಡ ಬಲು ಹಿಂದೆಯೇ ಸಾಧಿಸಿ ತೋರಿಸಿದೆ. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರ 'ಶರಪಂಜರ' ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ಚಲನಚಿತ್ರವಾಗಿಸಿದರು. ಕಲ್ಪನಾ ಕಾವೇರಿಯ ಪಾತ್ರ ವಹಿಸಿದರು. ಹೆರಿಗೆಯ ನಂತರ ಮಾನಸಿಕ ಅಸ್ವಸ್ಥತೆಗೆ ಒಳಗಾದ ಕಾವೇರಿ ಗುಣಮುಖಳಾಗಿ ಮನೆಗೆ ಬರುತ್ತಾಳೆ. ಸಾಧಾರಣ ಕಥೆಗಾರನಿಗೆ ಅದೇ ಮಂಗಳ. ತ್ರಿವೇಣಿಯವರಿಗೆ ಮುಖ್ಯವಾದ ಪ್ರಶ್ನೆ ಅಲ್ಲಿಂದ ಮುಂದಿನದು. ವೈದ್ಯರು ಗುಣಪಡಿಸಿದವಳನ್ನು ಗಂಡನೂ ನೆರೆಹೊರೆಯೂ ಗುಣವಾದವಳೆಂದು ಒಪ್ಪುವುದಿಲ್ಲ. ಆಕೆ ನಕ್ಕರೂ ಸಂಶಯ, ಸಿಟ್ಟಾದರೂ ಸಂಶಯ. ಕಡೆಗೆ ಆಕೆ ಮತ್ತೆ ಕುಸಿಯುತ್ತಾಳೆ. ಅಷ್ಟು ವರ್ಷಗಳ ಹಿಂದಿನ ಆ ಚಿತ್ರ ಇಂದಿಗೂ ನಂಬಿಕೆ ಹುಟ್ಟಿಸುವುದು ಯಂತ್ರೋಪಕರಣಗಳಿಂದಲ್ಲ. ರೋಗಿಯ ಸುತ್ತಲಿನವರನ್ನು ಅದು ನಿರ್ದಾಕ್ಷಿಣ್ಯವಾಗಿ ನೋಡುವುದರಿಂದ.

ಆದ್ದರಿಂದ ಹೊಳೆಯುವ ಆಸ್ಪತ್ರೆಯ ಸೆಟ್ಟು ಕಥೆಗೆ ಅನಿವಾರ್ಯವಲ್ಲ. ವೃತ್ತಿ ಬಲ್ಲವರ ಸಲಹೆ, ದುಡ್ಡಿನ ಕಷ್ಟದ ಅರಿವು, ಮರಣವನ್ನು ಮರಣವೆಂದು ಹೇಳುವ ಧೈರ್ಯ, ಇವಿಷ್ಟಿದ್ದರೆ ಸಾಕು. ನಾವು ನೋಡುಗರೂ ಒಂದು ಕೆಲಸ ಮಾಡಬಹುದು. ಪರದೆಯ ಮೇಲೆ ರೋಗಿ ಥಟ್ಟನೆ ಕಣ್ಣು ತೆರೆದಾಗ, ಪಕ್ಕದಲ್ಲಿ ಕುಳಿತ ಮಕ್ಕಳಿಗೆ "ನಿಜದಲ್ಲಿ ಹೀಗಾಗುವುದು ಅಪರೂಪ" ಎಂದು ತಿಳಿಸಿ ಹೇಳಬಹುದು. ಮುಂದೊಂದು ದಿನ ನಮ್ಮ ಬಗ್ಗೆಯೇ ತೀರ್ಮಾನ ಕೈಗೊಳ್ಳಬೇಕಾದವರು ಆ ಮಕ್ಕಳೇ ಅಲ್ಲವೇ?