ಸಿಮೆಂಟಿನ ಹಾಲಕ್ಕಿ ಅಜ್ಜಿಗೆ ಹೆಸರೇನು?

ಬೆಂಗಳೂರಿಂದ ರಾತ್ರಿ ಬಸ್ಸು ಹತ್ತಿ ಕಾರವಾರಕ್ಕೆ ಹೋಗೋರಲ್ಲಿ ಹೆಚ್ಚಿನವರು ಅವರ್ಸಾ ದಾಟುವಾಗ ನಿದ್ದೆಯಲ್ಲಿರ್ತಾರೆ. ಎಚ್ಚರ ಇದ್ದರೆ ಹೆದ್ದಾರಿ ಬದಿಯಲ್ಲಿ ಕೊರಳ ತುಂಬ ಮಣಿಸರ ಹಾಕಿಕೊಂಡು, ತರಕಾರಿ ಬುಟ್ಟಿ ಪಕ್ಕಕ್ಕಿಟ್ಟು ಬಸ್ಸಿಗೆ ಕಾಯುತ್ತಿರುವ ಹಾಲಕ್ಕಿ ಅಜ್ಜಿಯೊಬ್ಬಳು ಕಂಡಾಳು. ಮುಂದೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಇಳಿದು ರಾಕ್ ಗಾರ್ಡನ್ ಹೊಕ್ಕರೆ, ಅಂಥದೇ ಅಜ್ಜಿ ಸಿಮೆಂಟಿನಲ್ಲಿ ನಿಂತಿರ್ತಾಳೆ. ಬಸ್ಸಿಗೆ ಕಾಯುವವಳಿಗೆ ಒಂದು ಹೆಸರಿದೆ, ಊರಿದೆ. ಸಿಮೆಂಟಿನವಳು ಬರೀ ‘ಹಾಲಕ್ಕಿ’.

ಗಾರ್ಡನ್ ಕೆಟ್ಟದಾಗಿದೆ ಅಂತ ಹೇಳ್ತಿಲ್ಲ. ಹಾಲಕ್ಕಿ, ಸಿದ್ದಿ, ಗೌಳಿ ಸಮುದಾಯಗಳ ಬದುಕನ್ನ ಹೆದ್ದಾರಿ ಪಕ್ಕಕ್ಕೆ ತಂದದ್ದು ಸಣ್ಣ ಮಾತಲ್ಲ. ಸೀರೆ ಉಟ್ಟ ರೀತಿ, ಕೂತ ಭಂಗಿ ಎಲ್ಲದರಲ್ಲೂ ಕಲಾವಿದರ ಕಣ್ಣು ಚುರುಕಾಗಿದೆ. ತಕರಾರು ಬೇರೆ.

ಬೆಂಗಳೂರಿನ ಮಾರ್ಕ್ ಕಬ್ಬನ್ ಪ್ರತಿಮೆ ನೆನಪಿಸಿಕೊಳ್ಳಿ. 2020ರಲ್ಲಿ ಅದನ್ನ ಹೈಕೋರ್ಟ್ ಆವರಣದಿಂದ ಎತ್ತಿ ಕಬ್ಬನ್ ಪಾರ್ಕಿನೊಳಗೆ ಇಟ್ಟರು. ಅದೇ ವರ್ಷ ಬ್ರಿಸ್ಟಲ್‌ನಲ್ಲಿ ಗುಲಾಮರ ವ್ಯಾಪಾರಿ ಎಡ್ವರ್ಡ್ ಕೋಲ್ಸ್ಟನ್‌ನ ಪ್ರತಿಮೆಯನ್ನ ಜನ ಉರುಳಿಸಿ ಬಂದರಿನ ನೀರಿಗೆ ತಳ್ಳಿದ್ದರು. ಯಾರನ್ನ ಇಡಬೇಕು, ಯಾರನ್ನ ತೆಗೀಬೇಕು ಅಂತ ನಾವೆಲ್ಲ ಫೋನ್ ಹಿಡಿದು ಜಗಳಾಡಿದೆವು. ಆದರೆ ಒಂದು ಗಮನಿಸಿ: ಆ ಜಗಳ ಸಾಧ್ಯವಾಗಿದ್ದೇ ಅವರಿಗೆ ಹೆಸರು ಇದ್ದದ್ದರಿಂದ. ಕಬ್ಬನ್ ಯಾರು, ಏನು ಮಾಡಿದ ಅಂತ ಕೇಳಬಹುದು. ಸಿಮೆಂಟಿನ ಅಜ್ಜಿ ಬಗ್ಗೆ ಏನು ಕೇಳ್ತೀರಿ?

ಜನರನ್ನ ಹೀಗೆ ‘ಮಾದರಿ’ಯಾಗಿ ನಿಲ್ಲಿಸಿ ನೋಡೋದು ಹಳೇ ಚಾಳಿ. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ ‘ದಿ ಪೀಪಲ್ ಆಫ್ ಇಂಡಿಯಾ’ ಅಂತ 8 ಸಂಪುಟ ತಂದಿತು. ಫೋಟೊದಲ್ಲಿರುವವನ ಕೆಳಗೆ ಬಹುಪಾಲು ಅವನ ಹೆಸರಿರಲ್ಲ, ಜಾತಿಯ ಹೆಸರಿರುತ್ತೆ. 1909ರಲ್ಲಿ ಮದ್ರಾಸಿನ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಬಗ್ಗೆ 7 ಸಂಪುಟ ಪ್ರಕಟಿಸಿದ. ಜನರ ತಲೆ, ಮೂಗು ಅಳೆದು ಲೆಕ್ಕ ಬರೆದಿಟ್ಟವನು ಆತ. ಕಬ್ಬನ್‌ನನ್ನ ಒಂದು ರಾತ್ರಿಯಲ್ಲಿ ಕ್ರೇನ್ ತಂದು ಎತ್ತಬಹುದು. ಈ ನೋಟವನ್ನ ಎತ್ತೋದು ಅಷ್ಟು ಸಲೀಸಲ್ಲ. ನಮ್ಮದೇ ದುಡ್ಡಲ್ಲಿ, ನಮ್ಮದೇ ಅಭಿಮಾನದಲ್ಲಿ, ಅದನ್ನ ಮತ್ತೆ ಕಟ್ಟಿದ್ದೇವೆ.

ಹೆಸರು ಸಿಗಲಿಲ್ಲ ಅನ್ನೋ ಹಾಗೂ ಇಲ್ಲ. ಅಂಕೋಲಾ ತಾಲೂಕೊಂದರಲ್ಲೇ ಇಬ್ಬರು ಪದ್ಮಶ್ರೀಗಳಿದ್ದರು. ಬಡಿಗೇರಿಯ ಸುಕ್ರಿ ಬೊಮ್ಮಗೌಡ ಹಾಡಿದ್ದಷ್ಟೇ ಅಲ್ಲ, ಸಾರಾಯಿ ವಿರುದ್ಧ ಬೀದಿಗಿಳಿದವರು. ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆ ನರ್ಸರಿಯಲ್ಲಿ ದಶಕಗಟ್ಟಲೆ ಸಸಿ ಬೆಳೆಸಿದವರು. 2021ರಲ್ಲಿ ರಾಷ್ಟ್ರಪತಿ ಭವನದೊಳಗೆ ಬರಿಗಾಲಲ್ಲಿ ನಡೆದ ಅವರ ಫೋಟೊ ನೀವೂ ಫಾರ್ವರ್ಡ್ ಮಾಡಿರ್ತೀರಿ. ಹಾಲಕ್ಕಿ ಒಕ್ಕಲಿಗರನ್ನ ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಸುಕ್ರಜ್ಜಿ ಕೇಳ್ತಲೇ ಇದ್ದರು. 2024ರ ಡಿಸೆಂಬರಿನಲ್ಲಿ ತುಳಸಜ್ಜಿ, 2025ರ ಫೆಬ್ರುವರಿಯಲ್ಲಿ ಸುಕ್ರಜ್ಜಿ ಹೋದರು. ಬೇಡಿಕೆ ಈಡೇರಲಿಲ್ಲ.

ಇದು ವಿಚಿತ್ರ ನೋಡಿ. ಪಾರ್ಕಿನಲ್ಲಿ ಬುಡಕಟ್ಟು, ಸರ್ಕಾರಿ ಪಟ್ಟಿಯಲ್ಲಿ ಅಲ್ಲ. ಟಿಕೆಟ್ ಕೊಂಡವರಿಗೆ ಕಾಣುವ ಗುರುತು, ಅರ್ಜಿ ಹಿಡಿದು ಹೋದರೆ ಕಾಣಲ್ಲ.

ಪ್ರತಿಮೆ ಒಡೀರಿ ಅಂತಲ್ಲ. ಹಾಲಕ್ಕಿ ಕೇರಿಯವರನ್ನೇ ಕರೆದು ಕೇಳಿ: ಇಲ್ಲಿ ಯಾರು ನಿಲ್ಲಬೇಕು, ಫಲಕದಲ್ಲಿ ಏನು ಬರೀಬೇಕು? ಬೇಡವೇ ಬೇಡ ಅಂದರೆ ಅದನ್ನೂ ಕೇಳಿಸಿಕೊಳ್ಳೋಣ.

ಮುಂದಿನ ಸಲ ಅಲ್ಲಿ ಸೆಲ್ಫಿಗೆ ನಿಲ್ಲುವ ಮುಂಚೆ ಪಕ್ಕದವಳ ಹೆಸರು ಹುಡುಕಿ. ಸಿಗದಿದ್ದರೆ, ವಾಪಸ್ ಬರುವಾಗ ಅವರ್ಸಾದಲ್ಲಿ ಇಳಿದು, ಬಸ್ಸಿಗೆ ಕಾಯುವ ಅಜ್ಜಿ ಹತ್ತಿರ ಬಸಳೆ ಕೊಳ್ಳಿ. ಹೆಸರು ಕೇಳಿ, ಹೇಳ್ತಾಳೆ. ನಿಮ್ಮದನ್ನೂ ಕೇಳ್ತಾಳೆ.