ಅಶ್ವಶಕ್ತಿಯ ಭ್ರಮೆ: ಟ್ರ್ಯಾಕ್ಟರ್ ಲೋಡರಿಗೆ ಕಟ್ಟಿದ ಹಿಮದ ಬ್ಲೇಡ್

ಕೆನಡಾದ ಒಂಟಾರಿಯೊ, ಕ್ವಿಬೆಕ್, ಅಮೆರಿಕದ ಮಿಷಿಗನ್, ಮಿನೆಸೋಟ, ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗ. ಈ ಸೀಮೆಯ ಹಳ್ಳಿಗಾಡಿನಲ್ಲಿ ಮನೆಯಿಂದ ರಸ್ತೆಗೆ ಹೋಗುವ ಸ್ವಂತ ದಾರಿಯೇ ನೂರಿನ್ನೂರು ಮೀಟರ್ ಇರುವುದುಂಟು. ಅಲ್ಲಿ ಬಿದ್ದ ಹಿಮವನ್ನು ಸರ್ಕಾರ ತೆಗೆಯುವುದಿಲ್ಲ, ಮನೆಯವರೇ ತೆಗೆಯಬೇಕು. ಬೇಸಗೆಯಲ್ಲಿ ಮಣ್ಣು, ಗೊಬ್ಬರ, ಸೌದೆ ಎತ್ತಲು ಕೊಂಡ ಸಣ್ಣ ಟ್ರ್ಯಾಕ್ಟರಿನ ಮುಂದೆ ಲೋಡರ್ ಹೇಗೂ ಇರುತ್ತದೆ. ಅದರ ಬಕೆಟ್ ಕಳಚಿ, ಆ ಜಾಗಕ್ಕೆ ಹಿಮ ತಳ್ಳುವ ಬ್ಲೇಡ್ ಸಿಕ್ಕಿಸಿದರೆ ಕೆಲಸ ಮುಗಿಯಿತು ಎಂಬುದು ಎಲ್ಲರ ಲೆಕ್ಕ. ಇದರ ಬೆನ್ನಿಗೇ ಇನ್ನೊಂದು ನಂಬಿಕೆಯೂ ಬರುತ್ತದೆ: ಎಂಜಿನ್ ದೊಡ್ಡದಾದಷ್ಟೂ, ಬ್ಲೇಡ್ ಅಗಲವಾದಷ್ಟೂ, ಜೋಡಣೆ ಬಿಗಿಯಾದಷ್ಟೂ ಒಳ್ಳೆಯದು.

ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಈ ಕೆಲಸಕ್ಕೆ ಮಿತಿ ಹಾಕುವುದು ಮೂರು ಸಂಗತಿ: ಚಕ್ರಕ್ಕೆ ನೆಲದ ಮೇಲಿರುವ ಹಿಡಿತ, ಲೋಡರ್ ತೋಳುಗಳ ತಾಳಿಕೆ, ಹಿಮ ಹಾಕಲು ಇರುವ ಜಾಗ. ಅಶ್ವಶಕ್ತಿ ಇವುಗಳಲ್ಲಿ ಒಂದನ್ನೂ ಹೆಚ್ಚಿಸುವುದಿಲ್ಲ. ಯಂತ್ರವನ್ನು ಅದರ ಅತಿ ಬಲವಾದ ಭಾಗ ನೋಡಿ ಆರಿಸುವವರು, ಮುರಿಯುವಾಗ ಅತಿ ದುರ್ಬಲ ಭಾಗಕ್ಕೆ ದಂಡ ತೆರುತ್ತಾರೆ.

ಮೊದಲು ಹಿಮದ ತೂಕ ನೋಡೋಣ. ಚಳಿಯಲ್ಲಿ ಆಗಷ್ಟೇ ಬಿದ್ದ ಒಣ ಹಿಮ ಘನ ಮೀಟರಿಗೆ ಸುಮಾರು 50ರಿಂದ 100 ಕಿಲೋ ತೂಗುತ್ತದೆ. ಒಂದೆರಡು ದಿನ ಕೂತು ಕುಗ್ಗಿದ್ದು 200ರಿಂದ 300 ಕಿಲೋ. ನೀರು ಹಿಡಿದ ಹಿಮ ಇನ್ನೂ ಭಾರ. 100 ಮೀಟರ್ ಉದ್ದ, 4 ಮೀಟರ್ ಅಗಲದ ದಾರಿಯಲ್ಲಿ 30 ಸೆಂಟಿಮೀಟರ್ ಹಿಮ ನಿಂತರೆ ಅದು 120 ಘನ ಮೀಟರ್. ಹಗುರ ಹಿಮವಾದರೆ 12 ಟನ್, ಕುಗ್ಗಿದ ಹಿಮವಾದರೆ 36 ಟನ್. ಈ ಅಂಕಿ ಕೇಳಿದವರು ಸಹಜವಾಗಿಯೇ ದೊಡ್ಡ ಎಂಜಿನ್ನಿನ ಕಡೆ ನೋಡುತ್ತಾರೆ. ತಪ್ಪುವುದು ಅಲ್ಲೇ.

ಎರಡು ಟನ್ ತೂಕದ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಟ್ರ್ಯಾಕ್ಟರ್ ಒಂದನ್ನು ತೆಗೆದುಕೊಳ್ಳಿ. ತುಳಿದು ಗಟ್ಟಿಯಾದ ಹಿಮದ ಮೇಲೆ ಟೈರಿನ ಹಿಡಿತ ತನ್ನ ಮೇಲಿನ ಭಾರದ ಐದನೇ ಒಂದು ಪಾಲು ಎಂದಿಟ್ಟುಕೊಳ್ಳೋಣ. ಹಾಗಾದರೆ ಆ ಟ್ರ್ಯಾಕ್ಟರ್ ಹೆಚ್ಚೆಂದರೆ 400 ಕಿಲೋ ಭಾರದಷ್ಟು ಬಲದಿಂದ ತಳ್ಳಬಲ್ಲದು, ಅದಕ್ಕಿಂತ ಹೆಚ್ಚಾದರೆ ಚಕ್ರ ಜಾರುತ್ತದೆ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಅಷ್ಟು ಬಲ ಹಾಕಲು ಬೇಕಾಗುವುದು ಏಳೆಂಟು ಅಶ್ವಶಕ್ತಿ ಮಾತ್ರ. ಹೈಡ್ರಾಲಿಕ್‌ನಲ್ಲಿ, ಗೇರಿನಲ್ಲಿ ಕಳೆಯುವುದನ್ನು ಸೇರಿಸಿದರೂ 25 ಅಶ್ವಶಕ್ತಿಯ ಎಂಜಿನ್ನಿಗೆ ಅದು ಭಾರವಲ್ಲ. ಅದೇ ತೂಕದ ಟ್ರ್ಯಾಕ್ಟರಿಗೆ 50 ಅಶ್ವಶಕ್ತಿಯ ಎಂಜಿನ್ ಕೂರಿಸಿದರೆ ತಳ್ಳುವ ಬಲ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಕೆಸರುಗದ್ದೆಯಲ್ಲಿ ಹೂತ ಟ್ರ್ಯಾಕ್ಟರಿನ ಎಕ್ಸಲರೇಟರ್ ಒತ್ತಿದಷ್ಟೂ ಚಕ್ರ ಆಳಕ್ಕೆ ಇಳಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಹಣ ಎಲ್ಲಿಗೆ ಹೋಗಬೇಕು? ಹಿಂದಿನ ಚಕ್ರಕ್ಕೆ. ನಮ್ಮ ರೈತರು ಹಿಂದಿನ ಟೈರಿಗೆ ನೀರು ತುಂಬಿಸಿ ತೂಕ ಹೆಚ್ಚಿಸುತ್ತಾರಲ್ಲ, ಹಿಮದ ನಾಡಿನಲ್ಲೂ ಅದೇ ಉಪಾಯ. ಬರೀ ನೀರು ಹೆಪ್ಪುಗಟ್ಟುವುದರಿಂದ ಅಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ತುಂಬಿಸುವುದು ಹಳೆಯ ಪದ್ಧತಿ. ಅದು ನೀರಿಗಿಂತ ಭಾರ, ಆದರೆ ಸೋರಿದರೆ ರಿಮ್ಮಿಗೆ ತುಕ್ಕು ಹಿಡಿಸುತ್ತದೆ. ಹಾಗಾಗಿ ಈಗ ಬೀಟ್‌ರೂಟ್ ಸಕ್ಕರೆ ತಯಾರಿಕೆಯ ಉಪೋತ್ಪನ್ನವಾದ ರಸವನ್ನೂ ತುಂಬಿಸುತ್ತಾರೆ. ಅದರ ಮೇಲೆ ಹಿಂದಿನ ಚಕ್ರಗಳಿಗೆ ಚೈನು, ಹಿಂದಿನ ಮೂರು ತೋಳಿನ ಜೋಡಣೆಗೆ ಒಂದು ತೂಕದ ಪೆಟ್ಟಿಗೆ. ಇದು ಬರೀ ತಳ್ಳುವ ಬಲದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಇಂಥ ಸಣ್ಣ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಮುಂದೆ ಭಾರದ ಬ್ಲೇಡ್ ನೇತುಬಿಟ್ಟು ಹಿಂಭಾಗ ಹಗುರವಾದ ಟ್ರ್ಯಾಕ್ಟರ್ ಇಳಿಜಾರಿನಲ್ಲಿ ಜಾರತೊಡಗಿದರೆ ಬ್ರೇಕ್ ತುಳಿದೂ ಪ್ರಯೋಜನವಿಲ್ಲ. ಇಳಿಯುವಾಗ ನಾಲ್ಕು ಚಕ್ರದ ಗೇರನ್ನು ಬಿಡಬೇಡಿ ಎನ್ನುವುದು ಇದಕ್ಕೇ: ಆಗ ಮುಂದಿನ ಚಕ್ರಗಳೂ ವೇಗ ತಡೆಯುತ್ತವೆ.

ಎರಡನೆಯದು ಲೋಡರ್ ತೋಳುಗಳ ಮಾತು. ಲೋಡರ್ ಹುಟ್ಟಿದ್ದು ನೇರ ಮುಂದಕ್ಕೆ ನುಗ್ಗಿ, ತುಂಬಿಕೊಂಡು, ಮೇಲಕ್ಕೆ ಎತ್ತುವುದಕ್ಕೆ. ಪಕ್ಕದಿಂದ ಬರುವ ಒತ್ತಡ ಅದಕ್ಕೆ ಒಗ್ಗಿದ್ದಲ್ಲ. ಹಿಮದ ಬ್ಲೇಡಿನ ಕೆಲಸವೋ ಓರೆಯಾಗಿ ನಿಂತು ಹಿಮವನ್ನು ಪಕ್ಕಕ್ಕೆ ಉರುಳಿಸುವುದು, ಅಂದರೆ ಪ್ರತಿ ಗಳಿಗೆಯೂ ಪಕ್ಕದ ಒತ್ತಡವೇ. ಪಿಕಪ್ ಟ್ರಕ್ಕಿನಲ್ಲಿ ಬ್ಲೇಡು ಚಾಸಿಗೆ ಹತ್ತಿರವಾಗಿ, ತಗ್ಗಿನಲ್ಲಿ ಕೂರುತ್ತದೆ. ಟ್ರ್ಯಾಕ್ಟರಿನಲ್ಲಿ ಅದು ಮುಂದಿನ ಆಕ್ಸಲ್ಲಿನಿಂದಲೂ ಆಚೆ ಚಾಚಿದ ಎರಡು ತೋಳುಗಳ ತುದಿಯಲ್ಲಿ ನೇತಾಡುತ್ತದೆ. ಏಳಡಿ ಬ್ಲೇಡಿನ ಮೂಲೆಯೊಂದು ಹಿಮದಡಿ ಅಡಗಿದ ಕಲ್ಲಿಗೋ ಪಾದಚಾರಿ ಕಟ್ಟೆಯ ಅಂಚಿಗೋ ಬಡಿದರೆ, ಆ ಪೆಟ್ಟು ಒಂದೇ ತೋಳಿಗೆ ತಿರುಚಾಗಿ ಬೀಳುತ್ತದೆ. ಪಿನ್ನಿನ ತೂತು ಸಡಿಲವಾಗುತ್ತದೆ, ತೋಳು ಬಾಗುತ್ತದೆ. ಬ್ಲೇಡ್ ಅಗಲವಾದಷ್ಟೂ ಈ ತಿರುಚು ಹೆಚ್ಚು. ಅಗಲಕ್ಕೆ ಸರಿಯಾದ ಅಳತೆ ಒಂದೇ: ಬ್ಲೇಡನ್ನು ಪೂರ್ತಿ ಓರೆ ಮಾಡಿದಾಗಲೂ ಅದು ಹಿಂದಿನ ಚಕ್ರಗಳ ಜಾಡನ್ನು ಮುಚ್ಚಬೇಕು. ಏಳಡಿಯ ಬ್ಲೇಡನ್ನು 30 ಡಿಗ್ರಿ ತಿರುಗಿಸಿದರೆ ಬಳಿಯುವುದು ಸುಮಾರು ಆರಡಿ. ಜಾಡು ಐದಡಿ ಇದ್ದರೆ ಅಷ್ಟೇ ಸಾಕು.

ವೇಗವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಗಂಟೆಗೆ 10 ಕಿಲೋಮೀಟರಿನಿಂದ 20ಕ್ಕೆ ಏರಿದರೆ ಪೆಟ್ಟಿನ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ದೊಡ್ಡ ಎಂಜಿನ್ ನಿಜವಾಗಿ ಕೊಡುವುದು ಈ ವೇಗವನ್ನೇ, ಲೋಡರ್ ತೋಳು ತಾಳಲಾರದ್ದೂ ಅದನ್ನೇ.

ಇದರಿಂದ ಹೊರಡುವ ಪಾಠ ಬಿಗಿ ಜೋಡಣೆಯ ನಂಬಿಕೆಯನ್ನೇ ತಲೆಕೆಳಗು ಮಾಡುತ್ತದೆ. ಒಳ್ಳೆಯ ಬ್ಲೇಡ್ ಸರಿಯಾದ ಹೊತ್ತಿಗೆ ಸೋಲಬೇಕು. ತಳದ ಅಂಚು ಮಾತ್ರ ಸ್ಪ್ರಿಂಗಿನ ಮೇಲೆ ಹಿಂದಕ್ಕೆ ಮಡಚುವ ಮಾದರಿ ಒಂದು, ಇಡೀ ಬ್ಲೇಡೇ ಮುಂದಕ್ಕೆ ಮುಗ್ಗರಿಸುವ ಮಾದರಿ ಇನ್ನೊಂದು. ಎರಡೂ ನೆಲದ ಅಡಚಣೆ ಬಡಿದಾಗ ಪೆಟ್ಟನ್ನು ತಾವು ನುಂಗುತ್ತವೆ. ಆದರೆ ಮೂಲೆಗೆ ಬೀಳುವ ಪೆಟ್ಟಿಗೆ ಸ್ಪ್ರಿಂಗಷ್ಟೇ ಸಾಲದು. ಬ್ಲೇಡನ್ನು ಓರೆಮಾಡುವ ಸಿಲಿಂಡರುಗಳ ನಡುವೆ ಒತ್ತಡ ಬಿಡುವ ವಾಲ್ವ್ ಬೇಕು. ಮೂಲೆಗೆ ಪೆಟ್ಟು ಬಿದ್ದಾಗ ಎಣ್ಣೆ ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ಹರಿದು ಬ್ಲೇಡ್ ತಿರುಗಿ ಬಿಡುತ್ತದೆ, ತೋಳು ಉಳಿಯುತ್ತದೆ. ದಪ್ಪ ಉಕ್ಕಿನ ಬ್ಲೇಡ್ ಕೊಂಡು ಈ ವಾಲ್ವಿಗೆ ಹಣ ಉಳಿಸಿದವರು ಬ್ಲೇಡನ್ನು ಕಾಪಾಡಿ ಟ್ರ್ಯಾಕ್ಟರನ್ನು ಬಲಿಕೊಟ್ಟಂತೆ.

ನೆಲಕ್ಕೆ ಒತ್ತಿ ಕೆರೆಯಬೇಕು ಎಂಬುದೂ ಇದೇ ಜಾತಿಯ ತಪ್ಪು. ಲೋಡರನ್ನು ಕೆಳಕ್ಕೆ ಒತ್ತಿದರೆ ಮುಂದಿನ ಚಕ್ರಗಳ ಭಾರ ಬ್ಲೇಡಿಗೆ ಹೋಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಲೋಡರಿನ ಹಿಡಿಯನ್ನು 'ಫ್ಲೋಟ್' ಸ್ಥಾನದಲ್ಲಿ ಬಿಟ್ಟರೆ ಬ್ಲೇಡ್ ತನ್ನ ತೂಕದಲ್ಲೇ ನೆಲದ ಏರಿಳಿತವನ್ನು ಅನುಸರಿಸುತ್ತದೆ. ಜಲ್ಲಿ ಹಾಸಿದ ದಾರಿಯಲ್ಲಂತೂ ನೆಲ ಪೂರ್ತಿ ಹೆಪ್ಪುಗಟ್ಟುವ ಮೊದಲು ಎರಡು ಬೆರಳಷ್ಟು ಹಿಮ ಬಿಟ್ಟೇ ತಳ್ಳಬೇಕು, ಇಲ್ಲವಾದರೆ ಏಪ್ರಿಲ್‌ನಲ್ಲಿ ಜಲ್ಲಿಯನ್ನೆಲ್ಲ ಹುಲ್ಲಿನಿಂದ ಬಾಚಬೇಕಾಗುತ್ತದೆ. ಬ್ಲೇಡಿನ ಅಂಚಿಗೆ ಉದ್ದಕ್ಕೆ ಸೀಳಿದ ಕೊಳವೆ ಸಿಕ್ಕಿಸಿ ಅದನ್ನು ಮೊಂಡು ಮಾಡಿಕೊಳ್ಳುವವರು ಜಾಣರು.

ಮೂರನೆಯದು ಜಾಗ. ಇದನ್ನು ಬಹಳ ಜನ ಮೊದಲ ಹಿಮಪಾತದಲ್ಲಿ ನೆನೆಯುವುದೇ ಇಲ್ಲ. ಕದಡಿದ ಹಿಮದ ಕಣಗಳು ಕೆಲವೇ ಗಂಟೆಗಳಲ್ಲಿ ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತವೆ. ಡಿಸೆಂಬರಿನಲ್ಲಿ ದಾರಿಯ ಅಂಚಿಗೇ ಬಿಟ್ಟ ಒಡ್ಡು ಜನವರಿಯಲ್ಲಿ ಗೋಡೆಯಾಗುತ್ತದೆ. ಆಮೇಲೆ ಪ್ರತಿ ಸಲವೂ ದಾರಿ ಕಿರಿದಾಗುತ್ತ ಹೋಗುತ್ತದೆ. ಅದಕ್ಕೇ ಮೊದಲ ಸಲವೇ ಬೇಕಾದ್ದಕ್ಕಿಂತ ದೂರ ತಳ್ಳಬೇಕು. ರಸ್ತೆಗೆ ತಳ್ಳುವ ಹಾಗಿಲ್ಲ. ಒಂಟಾರಿಯೊದ ಹೆದ್ದಾರಿ ಸಂಚಾರ ಕಾಯ್ದೆ ಅನುಮತಿಯಿಲ್ಲದೆ ರಸ್ತೆಯ ಮೇಲೆ ಹಿಮ ಹಾಕುವುದನ್ನು ನಿಷೇಧಿಸಿದೆ. ಗಾಳಿ ಬೀಸುವ ಕಡೆ ಒಡ್ಡು ಕಟ್ಟುವುದಂತೂ ತನ್ನ ಕೈಯಾರೆ ಕೆಲಸ ಹೆಚ್ಚಿಸಿಕೊಂಡ ಹಾಗೆ. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಐ-80 ಹೆದ್ದಾರಿಯ ಪಕ್ಕ 1971ರಿಂದ ಎತ್ತರದ ಹಿಮಬೇಲಿ ಹಾಕುತ್ತ ಬಂದಿದ್ದಾರೆ. ಗಾಳಿ ಹೊತ್ತು ತರುವ ಹಿಮ ಬೇಲಿಯ ಮರೆಯಲ್ಲಿ ಬಿದ್ದುಹೋಗಿ ರಸ್ತೆಯನ್ನು ತಲುಪುವುದಿಲ್ಲ. ಅದೇ ಬೇಲಿಯ ಕೆಲಸವನ್ನು ದಾರಿಗೆ ಅಂಟಿಕೊಂಡ ಒಡ್ಡು ಮಾಡಿದರೆ ಹಿಮ ಬೀಳುವುದು ನಮ್ಮ ದಾರಿಯ ಮೇಲೆಯೇ.

ಜಾಗ ಇಲ್ಲವೇ ಇಲ್ಲ ಎನ್ನುವಲ್ಲಿ ಬ್ಲೇಡ್ ತನ್ನ ಸೋಲನ್ನು ಒಪ್ಪಬೇಕು. ಅಶ್ವಶಕ್ತಿಗೆ ನಿಜವಾದ ಬೆಲೆ ಬರುವುದು ಅಲ್ಲಿ. ಹಿಮವನ್ನು ಎಸೆಯುವ ಬ್ಲೋವರ್, ಜೋಡಿಸಿದ ಯಂತ್ರವನ್ನು ತಿರುಗಿಸುವ ಟ್ರ್ಯಾಕ್ಟರಿನ ಪಿ.ಟಿ.ಒ. ದಂಡದ ಮೂಲಕ ಎಂಜಿನ್ನಿನ ಶಕ್ತಿಯನ್ನು ಚಕ್ರದ ಹಿಡಿತಕ್ಕೆ ಒಪ್ಪಿಸದೆ ನೇರ ಬಳಸುತ್ತದೆ. ಕ್ವಿಬೆಕ್‌ನ ಆರ್ಥರ್ ಸಿಕಾರ್ಡ್ 1925ರಲ್ಲಿ ತನ್ನ ಬ್ಲೋವರ್ ಯಂತ್ರ ಕಟ್ಟಿದ. ಇಂದು ಮಾಂಟ್ರಿಯಲ್, ಒಟ್ಟಾವಾ ಬಡಾವಣೆಗಳಲ್ಲಿ ಮನೆ ಮನೆಯ ದಾರಿ ತೆಗೆಯುವ ಗುತ್ತಿಗೆದಾರರು ಟ್ರ್ಯಾಕ್ಟರಿನ ಹಿಂದೆ ತಿರುಗುಮುರುಗಾಗಿ ಕಟ್ಟಿದ ಬ್ಲೋವರ್ ಬಳಸುತ್ತಾರೆ. ನಮ್ಮ ಗಡಿ ರಸ್ತೆ ಸಂಸ್ಥೆಯೂ ಝೋಜಿಲಾ, ರೋಹ್ತಾಂಗ್‌ಗಳಲ್ಲಿ ಡೋಜರುಗಳ ಜೊತೆ ಹಿಮ ಎಸೆಯುವ ಯಂತ್ರಗಳನ್ನು ಇಳಿಸುತ್ತದೆ. ಎರಡೂ ಕಡೆ ಹಿಮದ ಗೋಡೆ ಎದ್ದ ಮೇಲೆ ತಳ್ಳುವುದಕ್ಕೆ ಎಡೆಯೇ ಇರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಲೋಡರಿನ ಬ್ಲೇಡನ್ನು ನಾನು ತಳ್ಳಿಹಾಕುವುದಿಲ್ಲ. ಅದರ ಗುಣ ಬೇರೆ ಕಡೆ ಇದೆ. ಕೆಲಸ ಕಣ್ಣೆದುರಿಗೇ ನಡೆಯುತ್ತದೆ, ಕತ್ತು ಹಿಂದಕ್ಕೆ ತಿರುಗಿಸಿ ಗಂಟೆಗಟ್ಟಲೆ ಕೂರಬೇಕಿಲ್ಲ. ತೋಳು ಮೇಲೇಳುವುದರಿಂದ ಒಡ್ಡಿನ ತಲೆಯನ್ನು ಆಚೆಗೆ ನೂಕಿ ಮುಂದಿನ ಹಿಮಕ್ಕೆ ಜಾಗ ಮಾಡಬಹುದು, ಟ್ರಕ್ಕಿನ ಬ್ಲೇಡಿಗೆ ಆ ಎತ್ತರ ಎಟುಕುವುದಿಲ್ಲ. ಇಕ್ಕಟ್ಟಿನಲ್ಲಿ ಬ್ಲೇಡ್ ಕಳಚಿ ಬಕೆಟ್ ಹಾಕಿ ಹಿಮವನ್ನು ಹೊತ್ತು ಒಯ್ಯಲೂ ಬಹುದು.

ಆದ್ದರಿಂದ ಕೊಳ್ಳಲು ಹೊರಟವರು, ಅವರಲ್ಲಿ ಊರಾಚೆ ಎಕರೆಗಟ್ಟಲೆ ಜಾಗದ ಮನೆ ಮಾಡಿಕೊಂಡ ಕನ್ನಡಿಗರೂ ಇದ್ದಾರೆ, ಎಂಜಿನ್ನಿನ ಅಂಕಿಯನ್ನು ಕೊನೆಗೆ ಕೇಳಲಿ. ಮೊದಲ ಪ್ರಶ್ನೆ, ಫೆಬ್ರವರಿಯ ಹಿಮವನ್ನು ಎಲ್ಲಿ ಹಾಕುತ್ತೇನೆ? ಎರಡನೆಯದು, ಕಾಣದ ಕಲ್ಲಿಗೆ ಬಡಿದಾಗ ಮೊದಲು ಬಾಗುವುದು ಯಾವುದು? ಮೂರನೆಯದು, ಹಿಂದಿನ ಚಕ್ರದ ಮೇಲೆ ಎಷ್ಟು ತೂಕವಿದೆ? ಈ ಮೂರಕ್ಕೆ ಉತ್ತರ ಸಿಕ್ಕರೆ 25 ಅಶ್ವಶಕ್ತಿಯ ಟ್ರ್ಯಾಕ್ಟರ್ ನೂರು ಮೀಟರ್ ದಾರಿಯನ್ನು ಚಳಿಗಾಲವಿಡೀ ತೆರೆದಿಡುತ್ತದೆ. ಉತ್ತರ ಸಿಗದಿದ್ದರೆ 50 ಅಶ್ವಶಕ್ತಿಯೂ ಅದೇ ಹಿಮದಲ್ಲಿ ಚಕ್ರ ತಿರುಗಿಸುತ್ತ ನಿಲ್ಲುತ್ತದೆ.